ತಟ್ಟೆ ಹಿಡಿದವನು

ಭಾನುವಾರ ಮಧ್ಯಾಹ್ನದೊಳಗೆ ಟೈಲರ್ ಆರು ಮನೆ ಮುಗಿಸಬೇಕು. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದೊಡನೆ ಫಾದರ್ ಆರು ಪರಮಪ್ರಸಾದ, ಅಂದರೆ ಕ್ರಿಸ್ತರ ಶರೀರವಾದ ತೆಳು ರೊಟ್ಟಿಯ ಬಿಲ್ಲೆ, ಎಣಿಸಿ ಪುಟ್ಟ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಅವನು ಅದನ್ನು ತಾನೇ ಹೊಲಿದ ಬಿಳಿ ಚೀಲದಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಹಾಸಿಗೆ ಹಿಡಿದವರ ಮನೆಗಳಿಗೆ ಹೊರಡುತ್ತಾನೆ. ದಾರಿಯಲ್ಲಿ ಯಾರಾದರೂ ‘ನನ್ನ ಪ್ಯಾಂಟು ಯಾವಾಗ ಕೊಡ್ತೀಯ?’ ಎಂದರೆ ಚೀಲದ ಮೇಲೆ ಕೈಯಿಟ್ಟು ಮುಂದೆ ನಡೆಯುತ್ತಾನೆ. ಎದೆಯ ಮೇಲೆ ದೇವರಿರುವಾಗ ಸುಳ್ಳು ಹೇಳಬಾರದಲ್ಲ. ಆ ಪ್ರಶ್ನೆಗೆ ನಿಜ ಹೇಳಿದ ಟೈಲರ್ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಆರನೆಯ ಮನೆ ಅವನ ಅಕ್ಕನದು. ಉಳಿದ ಐದು ಮನೆಗಳಲ್ಲಿ ಸಲೀಸಾಗಿ ತೆರೆಯುವ ಡಬ್ಬಿಯನ್ನು ಅಲ್ಲಿ ತೆರೆದು, ಕೊಡದೆಯೇ ಮುಚ್ಚುತ್ತಾನೆ.

ಅಕ್ಕನಿಗೆ ಪಾರ್ಶ್ವವಾಯು ಬಡಿದು ಒಂದೂವರೆ ತಿಂಗಳು. ಬಲಗೈ ಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಮೂಗಿನಿಂದ ಹೊಟ್ಟೆಗೆ ಒಂದು ಕೊಳವೆ ಇಳಿಸಿದ್ದಾರೆ. ಸೊಸೆ ಮೂರು ಗಂಟೆಗೊಮ್ಮೆ ಸೋಸಿದ ತೆಳು ಆಹಾರವನ್ನು ಅದರಲ್ಲಿ ಬಿಡುತ್ತಾಳೆ. ಬಾಯಿಗೆ ಒಂದು ಹನಿ ನೀರೂ ಕೂಡದು, ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದಾರೆ. ನಾವು ಆಡಿದ್ದು ಅವಳಿಗೆ ತಿಳಿಯುತ್ತದೆಯೇ ಎಂದು ಕೇಳಿದರೆ ಅವರೂ ತಲೆ ಕೆರೆದುಕೊಂಡರು. ಪೂಜೆಗೆ ಮುಂಚೆ ಒಂದು ತುತ್ತು ತಿಂದನೆಂದು ತಮ್ಮನ ಕಿವಿ ಹಿಂಡಿದವಳು ಅವಳು. ಈಗ ಅವಳ ಬಾಯಿಗೇ ನಿತ್ಯ ಉಪವಾಸ.

ಮೊದಲ ಭಾನುವಾರ ಅವನು ಪ್ರಾರ್ಥನೆಯನ್ನಷ್ಟೇ ಹೇಳಿ, ಪರಮಪ್ರಸಾದವನ್ನು ಕಣ್ಣಿಗೆ ಕಾಣುವಂತೆ ಎತ್ತಿ ತೋರಿಸಿದ. ನೋಡಿದರೆ ಸಮಾಧಾನವಾದೀತು ಎಂದುಕೊಂಡಿದ್ದ, ಪೆದ್ದ. ಅಕ್ಕ ಕಣ್ಣು ಮುಚ್ಚಿ, ಸೊಟ್ಟಗಾದ ಬಾಯಿ ತೆರೆದಳು.

“ಕೊಡೋ ಹಾಗಿಲ್ಲಕ್ಕ, ನುಂಗಕ್ಕಾಗಲ್ಲ ನಿಂಗೆ. ಮನಸ್ಸಲ್ಲೇ ತಗೋ,” ಎಂದ. ಬಾಯಿ ಮುಚ್ಚಲಿಲ್ಲ. ಅವನು ಡಬ್ಬಿ ಮುಚ್ಚಿದ. ಆ ಸದ್ದಿಗೆ ಅಕ್ಕ ಕಣ್ಣು ತೆರೆದಳು. ಎಡಗೈ ಮುಷ್ಟಿ ಕಟ್ಟಿ ಎದೆಗೆ ಬಡಿದುಕೊಂಡಳು; ಒಂದು, ಎರಡು, ಮೂರು.

“ಎದೆನೋವು ಇರ್ಬೇಕು ಮಾವ, ಡಾಕ್ಟರನ್ನ ಕರೀಲಾ?” ಎಂದಳು ಸೊಸೆ.

“ನೋವಲ್ಲಮ್ಮ,” ಎಂದ ಟೈಲರ್. ಪೂಜೆಯ ಆರಂಭದಲ್ಲಿ ಎಲ್ಲರೂ ತಮ್ಮ ಪಾಪ ಒಪ್ಪಿಕೊಂಡು ಎದೆ ಬಡಿದುಕೊಳ್ಳುವ ರೀತಿ ಅದು. ತನ್ನ ಪಾಪಕ್ಕೇ ಪ್ರಸಾದ ನಿಂತುಹೋಗಿದೆ ಎಂದುಕೊಂಡಿದ್ದಾಳೆ. ಅವಳು ಹಾಗೆ ತಿಳಿಯಲು ಕಾರಣವಿತ್ತು, ಆ ಕಾರಣ ಟೈಲರ್‌ಗೆ ಗೊತ್ತಿತ್ತು.

ನಲವತ್ತೈದು ವರ್ಷದ ಹಿಂದೆ ಅಕ್ಕ ಮನೆಯವರಿಗೆ ಹೇಳದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಗಂಡು ದೀಕ್ಷಾಸ್ನಾನ ಪಡೆದ ಕ್ರೈಸ್ತನಲ್ಲ, ಚರ್ಚಿನ ಆಶೀರ್ವಾದವಿಲ್ಲ; ಹಾಗೆ ಮದುವೆಯಾದವರಿಗೆ ಪರಮಪ್ರಸಾದ ಕೊಡುವಂತಿಲ್ಲ. ಸುದ್ದಿ ತಮ್ಮನಿಗೆ ಹೇಗೋ ತಿಳಿದಿತ್ತು. ಆಗ ಚರ್ಚಿನಲ್ಲಿ ಫಾದರ್ ಆಗಿದ್ದ ವಯಸ್ಸಾದ ಸ್ವಾಮಿಗಳು, ಇನ್ನೂ ಹುಡುಗನಾಗಿದ್ದ ಅವನನ್ನು ನಿಲ್ಲಿಸಿ, “ನಿನ್ನ ಅಕ್ಕ ಸಹಿ ಹಾಕಿದ್ದು ನಿಜವೇನೋ?” ಎಂದರು. ಸುಳ್ಳು ಪಾಪ ಎಂದು ಕಲಿಸಿದವಳೇ ಅಕ್ಕ. “ನಿಜ ಸ್ವಾಮಿ,” ಎಂದುಬಿಟ್ಟ.

ಮುಂದಿನ ಭಾನುವಾರ ಪೂಜೆಗೆ ಸಹಾಯ ಮಾಡುವ ಸರದಿ ಅವನದೇ. ಪ್ರಸಾದ ಕೆಳಗೆ ಬೀಳದಂತೆ ಒಬ್ಬೊಬ್ಬರ ಗದ್ದದ ಕೆಳಗೂ ತಟ್ಟೆ ಹಿಡಿಯಬೇಕು. ಸಾಲಿನಲ್ಲಿ ಅಕ್ಕ ಮಂಡಿಯೂರಿ, ಕಣ್ಣು ಮುಚ್ಚಿ, ಬಾಯಿ ತೆರೆದಿದ್ದಳು. ಅವನು ತಟ್ಟೆ ಹಿಡಿದ. ಸ್ವಾಮಿಗಳು ಅವಳನ್ನು ದಾಟಿ ಪಕ್ಕದವರತ್ತ ಸರಿದರು. ತಟ್ಟೆಯೂ ಸರಿಯಬೇಕಾಯಿತು. ಅವನು ಹಿಂತಿರುಗಿ ನೋಡಿದಾಗಲೂ ಅಕ್ಕನ ಬಾಯಿ ತೆರೆದೇ ಇತ್ತು.

ನಾಲ್ಕು ವರ್ಷದ ಮೇಲೆ ಬೇರೊಬ್ಬ ಗುರುಗಳು ಬಂದು ಆ ಮದುವೆಯನ್ನು ಆಶೀರ್ವದಿಸಿದರು, ಎಲ್ಲ ಸರಿಹೋಯಿತು. ಹೇಳಿದವರು ಯಾರೆಂದು ಅಕ್ಕ ಎಂದೂ ಕೇಳಲಿಲ್ಲ. “ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ ಕಣೋ,” ಎಂದು ಆಗಾಗ ನಗುತ್ತಿದ್ದಳು. ಅವಳಿಗೆ ಗೊತ್ತಿದ್ದೇ ಅಂದಳೋ, ಸುಮ್ಮನೆ ಅಂದಳೋ? ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಈಗ ಮಂಚದ ಮೇಲೂ ಹೀಗೇ ಮೂರು ಭಾನುವಾರ ಅವಳು ಬಾಯಿ ತೆರೆದಳು, ಅವನು ಡಬ್ಬಿ ಮುಚ್ಚಿದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಜನ ನಗುತ್ತಾ ಹೇಳುತ್ತಾರೆ. ಅದನ್ನು ಮೊದಲು ಹೇಳಿದವನು ಸಿಕ್ಕಿದ್ದರೆ ಟೈಲರ್ ಕತ್ತರಿ ತೆಗೆದುಕೊಂಡೇ ಮಾತಾಡುತ್ತಿದ್ದ. ಕೊನೆಗೆ ಫಾದರ್ ಹತ್ತಿರ ಹೋದ.

“ರೊಟ್ಟಿ ಬೇಡ,” ಎಂದರು ಫಾದರ್. ಮಗನ ವಯಸ್ಸಿನವರು, ಮೃದು ಮಾತಿನವರು. “ಪೂಜೇಲಿ ಅರ್ಪಿಸಿದ ದ್ರಾಕ್ಷಾರಸ ಒಂದು ಹನಿ ಕೊಳವೇಲಿ ಬಿಡೋಣ. ಡಾಕ್ಟರನ್ನ ಒಂದು ಮಾತು ಕೇಳಿ. ಅದರಲ್ಲೂ ಪ್ರಭು ಪೂರ್ಣವಾಗೇ ಇರ್ತಾರೆ.”

ಡಾಕ್ಟರು ಆಗಲಿ ಎಂದರು. ಅಲ್ಲಿಯವರೆಗೆ ಹೊಳೆಯದೆ ಹೋಯಿತಲ್ಲ ಎಂದು ಟೈಲರ್ ತನ್ನನ್ನೇ ಬೈದುಕೊಂಡ. ಮಂಚದ ಪಕ್ಕದ ಮೇಜಿಗೆ ಹೊಸ ಬಟ್ಟೆ ಹೊಲಿದು, ಇಸ್ತ್ರಿ ಮಾಡಿ ಹಾಸಿದ. ಭಾನುವಾರ ಫಾದರ್ ಪುಟ್ಟ ಬಾಟಲಿಯೊಂದಿಗೆ ಬಂದರು. ಸೊಸೆ ಸಿರಿಂಜನ್ನು ಎರಡೆರಡು ಸಲ ತೊಳೆದುಕೊಟ್ಟಳು.

“ಕ್ರಿಸ್ತರ ರಕ್ತ,” ಎಂದರು ಫಾದರ್. ಅಕ್ಕನ ಪರವಾಗಿ ಟೈಲರ್ ಆಮೆನ್ ಎಂದ. ಕೊಳವೆಯಲ್ಲಿ ಕೆಂಪು ಗೆರೆಯೊಂದು ಕೆನ್ನೆಯ ಪಕ್ಕದಿಂದ ಹಾದು, ಮೂಗಿನೊಳಗೆ ಹೋಗಿ ಮರೆಯಾಯಿತು. ಹಿಂದೆಯೇ ಸ್ವಲ್ಪ ನೀರು ಬಿಟ್ಟರು.

ಅಕ್ಕ ಕಣ್ಣು ಮುಚ್ಚಿ ಬಾಯಿ ತೆರೆದುಕೊಂಡಿದ್ದಳು. ಕಾಯುತ್ತಿದ್ದಳು.

“ಆಯ್ತಕ್ಕ,” ಎಂದು ಟೈಲರ್ ಅವಳ ಕಿವಿಯ ಹತ್ತಿರ ಬಾಗಿದ. “ಕೊಟ್ಟಾಯ್ತು. ಮೂಗಿಂದ ಒಳಗೆ ಹೋಯ್ತು ಕಣಕ್ಕ.”

ಒಣಗಿದ ನಾಲಿಗೆಗೆ ಏನೂ ತಾಗಿರಲಿಲ್ಲ. ಫಾದರ್ ಬಾಟಲಿಗೆ ಬಿರಡೆ ಹಾಕಿದರು. ಅಕ್ಕ ಕಣ್ಣು ತೆರೆದು ಮೊದಲು ಅವರನ್ನು, ಆಮೇಲೆ ತಮ್ಮನನ್ನು ನೋಡಿದಳು. ಎಡಗೈ ಮುಷ್ಟಿಯಾಯಿತು.

“ಫಾದರ್, ಇನ್ನೇನಾದ್ರೂ ಮಾಡಬಹುದಾ?” ಎಂದು ಕೇಳಿದ ಟೈಲರ್.

“ಇದಕ್ಕಿಂತ ದೊಡ್ಡದು ನನ್ನ ಹತ್ರ ಏನೂ ಇಲ್ವಲ್ಲ,” ಎಂದರು ಫಾದರ್. ಅವರ ಕಣ್ಣೂ ತುಂಬಿತ್ತು. ಆಶೀರ್ವಾದ ಮಾಡಿ ಹೊರಟರು. ಸೊಸೆ ಬಾಗಿಲವರೆಗೆ ಹೋದಳು.

ಏಟಿನ ಮೇಲೆ ಏಟು ಬೀಳುತ್ತಿತ್ತು. ಟೈಲರ್ ಮಂಚದ ಅಂಚಿನಲ್ಲಿ ಕುಳಿತ.

“ಅಕ್ಕ, ಅವತ್ತು ಸ್ವಾಮಿಗಳಿಗೆ ಹೇಳಿದ್ದು ನಾನೇ. ನಿಂದೇನೂ ತಪ್ಪಿಲ್ಲ, ಹೊಡ್ಕೋಬೇಡ.”

ನಲವತ್ತೈದು ವರ್ಷ ನುಂಗಿಕೊಂಡಿದ್ದ ಮಾತು ಹೊರಬಿದ್ದಿತ್ತು. ಅದು ಅವಳಿಗೆ ತಲುಪಿತೋ ಇಲ್ಲವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಅವಳು ಕಣ್ಣು ಮುಚ್ಚಿ ಮತ್ತೆ ಬಾಯಿ ತೆರೆದಳು. ಮುಷ್ಟಿ ಮತ್ತೆ ಎದ್ದಿತು.

ಅವನು ಅವಳ ಎದೆಯ ಮೇಲೆ ತನ್ನ ಬಲಗೈಯನ್ನು ಅಂಗಾತ ಇಟ್ಟ, ಆವತ್ತು ತಟ್ಟೆ ಹಿಡಿದ ಕೈ. ಏಟು ಅಂಗೈಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ಅವನು ಕೈ ಸರಿಸಲಿಲ್ಲ.