ಎತ್ತಿಟ್ಟ ನಗು

ಶಿಶುಗಳ ಮನಸ್ಸಿನ ಬಗ್ಗೆ ನನ್ನಷ್ಟು ತಿಳಿದವರು ಹಾಸನ ಜಿಲ್ಲೆಯಲ್ಲಂತೂ ಇಲ್ಲ. ಪಕ್ಕದ ನಾಲ್ಕು ಜಿಲ್ಲೆಗಳಲ್ಲೂ ಹುಡುಕಿಸಿದ್ದೇನೆ, ಸಿಕ್ಕಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಮಕ್ಕಳ ಬೆಳವಣಿಗೆಯ ಮನೋವಿಜ್ಞಾನ ಪಾಠ ಮಾಡುತ್ತಿದ್ದರೆ ಪಕ್ಕದ ಗಣಿತ ವಿಭಾಗವೇ ಖಾಲಿಯಾಗಿ ನಮ್ಮ ಕಿಟಕಿಗಳಿಗೆ ಜೋತುಬೀಳುತ್ತದೆ. ರಚ್ಚೆ ಹಿಡಿದ ಕೂಸು ನನ್ನ ಹೆಸರು ಕೇಳಿದರೆ ಸಾಕು, ಗಪ್‌ಚಿಪ್.

"ಸಾರ್, ನಿಮ್ಮನ್ನ ಕಂಡ್ರೆ ಇನ್ನೂ ಜೋರಾಗಿ ಅಳ್ತವೆ," ಎನ್ನುತ್ತಾಳೆ ನನ್ನ ಸಂಶೋಧನಾ ವಿದ್ಯಾರ್ಥಿನಿ ಪೂಜಿತಾ. ಹೊಟ್ಟೆಕಿಚ್ಚು, ಬಿಡಿ.

ಅವಳ ಪ್ರಬಂಧಕ್ಕಾಗಿ ನಾವು ಜೀಪಿನಲ್ಲಿ ಊರೂರು ತಿರುಗಿ ಕಲ್ಲುಮುಖದ ಪರೀಕ್ಷೆ ಮಾಡುತ್ತಿದ್ದೆವು. ತಾಯಿ ಮಗುವಿನ ಎದುರು ಕೂತು ಮೊದಲು ಆಡಿಸಬೇಕು. ಪೂಜಿತಾ ಕೈ ಎತ್ತಿದ ಕೂಡಲೇ ನಗು, ಮಾತು ಎಲ್ಲ ನಿಲ್ಲಿಸಿ, ಮುಖ ಕಲ್ಲು ಮಾಡಿಕೊಂಡು ಮಗುವನ್ನೇ ನೋಡುತ್ತಿರಬೇಕು. ಮಗು ಅವಳನ್ನು ನಗಿಸಲು ನೋಡುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಕೊನೆಗೆ ಅಳುತ್ತದೆ. ಆಗ ತಾಯಿ ಮತ್ತೆ ನಗುತ್ತಾಳೆ, ಎಲ್ಲ ಸರಿಹೋಗುತ್ತದೆ. ಇಡೀ ಆಲೂರು ಸೀಮೆಯಲ್ಲಿ ಎರಡು ನಿಮಿಷ ನಗದೆ ಕೂರಬಲ್ಲ ತಾಯಿ ಸಿಕ್ಕಿರಲಿಲ್ಲ ನಮಗೆ. ಕುಂದೂರಿನಲ್ಲಿ ಒಬ್ಬಾಕೆಯಂತೂ, "ಅಯ್ಯೋ ನನ್ ಬಂಗಾರ, ಈ ಮೇಷ್ಟ್ರು ಮನೆ ಹಾಳಾಗ!" ಎಂದು ಕೂಸನ್ನೆತ್ತಿಕೊಂಡು ಹಿತ್ತಲಿಗೆ ಓಡಿದ್ದಳು.

ಮಾರನಹಳ್ಳಿಯಾಚೆ ಎಸ್ಟೇಟಿನ ಕೂಲಿಯವರ ಲೈನ್ ಮನೆಯೊಂದರಲ್ಲಿ ಶೃತಿ ಸಿಕ್ಕಳು. ಕಾಫಿ ಕೊಯ್ಯುವ ಹುಡುಗಿ. ಮಗುವಿಗಿನ್ನೂ ಹತ್ತು ತಿಂಗಳು. ಅವಳು ಚಾಪೆಯ ಮೇಲೆ ಅದರ ಎದುರು ಕೂತಳು. ಆ ಮುಖದಷ್ಟು ಅಲುಗದ ಮುಖವನ್ನು ನಾನು ಬೇಲೂರಿನ ಗೋಡೆಯ ಮೇಲೂ ನೋಡಿಲ್ಲ. ಮಗು ಕೈ ಚಾಚಲಿಲ್ಲ, ಅಳಲಿಲ್ಲ. ಹೆಂಚಿನ ಸಂದಿಯಿಂದ ಗೋಡೆಗೆ ಬಿದ್ದ ಬಿಸಿಲನ್ನು ನೋಡುತ್ತಾ ಕೂತಿತು.

"ಪೂಜಿತಾ," ನಾನು ಪಿಸುಗುಟ್ಟಿದೆ, "ಭೂಮಿ ಮೇಲಿನ ಅತಿ ಗಟ್ಟಿ ಮಗು ಸಿಕ್ಕಿತು ಕಣಮ್ಮ! ಕಲ್ಲುಮುಖಕ್ಕೂ ಜಗ್ಗಲ್ಲ!"

"ಸಾರ್," ಎಂದಳು ಅವಳು, "ನಾನಿನ್ನೂ ಕೈ ಎತ್ತೇ ಇಲ್ಲ."

ಶೃತಿಯ ಅತ್ತೆ ಚಿನ್ನಮ್ಮ ಬಾಗಿಲಲ್ಲಿ ನಿಂತಿದ್ದರು. "ಮೊದ್ಲಿನ್ ಎರಡು ಕೂಸೂ ವರ್ಷ ತುಂಬೋದ್ರೊಳ್ಗೇ ಹೋಗ್ಬುಟ್ವು ಸ್ವಾಮಿ. ಅದ್ಕೇ ಇವನ್ನ ತಿಪ್ಪೆ ಮ್ಯಾಲೆ ಹೊರಳ್ಸಿ, ಮೂಗು ಚುಚ್ಚಿ, ತಿಪ್ಪ ಅಂತ ಹೆಸ್ರಿಟ್ವಿ. ಯಾರ್ಗೂ ಬ್ಯಾಡದ ಕೂಸು ಅನ್ಕಂಡು ಸಾವೂ ಬುಟ್ಟೋಗ್ಲಿ ಅಂತ."

"ಹೊರಳ್ಸಿದ್ದು ಅತ್ತೆ," ಎಂದಳು ಶೃತಿ. "ನಗದೇ ಇರೋದು ನಂದು ಸಾರ್. ಆ ಎರಡನ್ನೂ ಕಣ್ತುಂಬ ನೋಡಿ ನಗಾಡ್ತಿದ್ದೆ. ಉಳೀಲಿಲ್ಲ. ಇವ್ನು ನಂಗೆ ಬೇಕು ಅಂತ ಗೊತ್ತಾಗ್ಬಾರ್ದು. ವರ್ಷ ತುಂಬ್ಲಿ, ಆವತ್ತಿಂದ ನಗ್ತೀನಿ. ಎಲ್ಲಾ ಎತ್ತಿಟ್ಟಿದ್ದೀನಿ."

ನಾನು ಬಿಡುತ್ತೇನೆಯೇ? ಮೆದುಳು, ನರ, ಅಮೆರಿಕ, ಜಪಾನು ಎಲ್ಲವನ್ನೂ ಆ ಪುಟ್ಟ ಕೋಣೆಗೆ ತಂದು ಸುರಿದೆ. "ಮುಖ ಕೊಟ್ಟರೆ ಮಗು ಮುಖ ಕೊಡ್ತದಮ್ಮ. ಇಲ್ಲಾಂದ್ರೆ ನಿನ್ನ ಕಡೆ ನೋಡೋದನ್ನೇ ಬಿಟ್ಟುಬಿಡ್ತದೆ. ಈಗಲೇ ನಗು."

"ನಿಮ್ ಮಾತು ಕೇಳಿ ನಕ್ಕು, ಇವ್ನೂ ಹೋಗ್ಬುಟ್ರೆ? ಮಣ್ಣು ಮಾಡಕ್ಕೆ ನೀವ್ ಬರ್ತೀರಾ ಸಾರ್?"

ಮೂರು ಗಂಟೆ ನೀರು ಕುಡಿಯದೆ ಭಾಷಣ ಮಾಡುವ ನಾಲಿಗೆ ನನ್ನದು. ಅಂದು ಚೀಲ ಎತ್ತಿಕೊಂಡು ಎದ್ದೆ.

ಹೊರಡುವಾಗ ಶೃತಿ ಪೂಜಿತಾಳ ಕೈ ಹಿಡಿದಳು. "ಅಕ್ಕಾ, ನೀವ್ ನಗಿ ಇವ್ನ ಕೂಡೆ. ನೀವ್ ಹೊರಗ್ನೋರು, ನೀವ್ ನಕ್ರೆ ಏನೂ ಆಗಕಿಲ್ಲ."

ಪರೀಕ್ಷೆ ಮಾಡುವವರು ಮಗುವನ್ನು ಆಡಿಸಬಾರದು. ಅದು ನಾನೇ ಪಾಠ ಹೇಳಿದ ನಿಯಮ. ಪೂಜಿತಾ ನನ್ನ ಮುಖ ನೋಡಿದಳು. ನಾನು ಕಾಫಿ ಗಿಡ ನೋಡಿದೆ.

ಅಲ್ಲಿಂದ ಪ್ರತಿ ಭಾನುವಾರ ಹೋದೆವು. ಪೂಜಿತಾ ತಿಪ್ಪನನ್ನು ನಗಿಸುವಾಗ ಶೃತಿ ಒಲೆಯ ಕಡೆ ತಿರುಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತಿಂಗಳೊಳಗೆ ಜೀಪಿನ ಸದ್ದಿಗೇ ಕೂಸು ಹೊಸಿಲಿಗೆ ಅಂಬೆಗಾಲಿಟ್ಟು ಬರತೊಡಗಿತು.

ವರ್ಷ ತುಂಬಿದ ದಿನ ನಮ್ಮನ್ನೂ ಕರೆದಿದ್ದರು. ಚಿನ್ನಮ್ಮ ಪಾಯಸ ಮಾಡಿದ್ದರು. ಶೃತಿ ಎಣ್ಣೆ ನೀರು ಹಾಕಿಸಿ, ಹೊಸ ಅಂಗಿ ತೊಡಿಸಿ, ಮಗನನ್ನು ಚಾಪೆಯ ಮೇಲೆ ಕೂರಿಸಿ ಎದುರು ಕೂತಳು. ತಾನೂ ಹೂ ಮುಡಿದಿದ್ದಳು. ಒಮ್ಮೆ ಸೆರಗಿನಿಂದ ಮುಖ ಒರೆಸಿಕೊಂಡು, ನಕ್ಕಳು.

ನಾನು ಏನನ್ನೇ ಹೇಳಿದರೂ ಒಂದಕ್ಕೆ ಹತ್ತು ಸೇರಿಸುವವನು. ಆ ನಗುವಿಗೆ ಸೇರಿಸಲು ಏನೂ ಸಿಗಲಿಲ್ಲ.

ತಿಪ್ಪ ಅವಳ ಭುಜದ ಮೇಲಿಂದ, ಹಿಂದೆ ನಿಂತಿದ್ದ ಪೂಜಿತಾಳನ್ನು ನೋಡುತ್ತಿದ್ದ. ಪೂಜಿತಾ ತಟ್ಟನೆ ಹೊರಗೆ ಹೋದಳು. ಅವನು ಖಾಲಿ ಬಾಗಿಲನ್ನು ನೋಡಿದ. ಶೃತಿ ಬಾಗಿಲಿಗೆ ಅಡ್ಡ ಸರಿದು ಮುಖ ಹಿಡಿದಳು. ನಡುವೆ ಕಂಬ ಬಂದರೆ ನಾವು ವಾಲುವಂತೆ ಅವನು ಪಕ್ಕಕ್ಕೆ ವಾಲಿದ.

"ಲೇ ತಿಪ್ಪಾ, ಇತ್ಲಾಗ್ ನೋಡ್ಲಾ, ನಿಮ್ಮವ್ವ ಕಣ್ಲಾ," ಎಂದರು ಚಿನ್ನಮ್ಮ.

"ನೋಡ್ತಾನಾ ಸಾರ್?" ನಗುವನ್ನು ಇಳಿಸದೆಯೇ ಶೃತಿ ಕೇಳಿದಳು.

"ನೋಡದೆ ಏನಮ್ಮ! ನಾಳೆ ಬೆಳಗಾಗೋದ್ರೊಳಗೆ ನಿನ್ನ ಸೊಂಟ ಬಿಟ್ಟು ಇಳಿಯಲ್ಲ ಅಂತಾನೆ. ಇಂಥ ಲಕ್ಷ ಮಕ್ಕಳನ್ನ ನೋಡಿದ್ದೀನಿ."

"ಹೂಂ ಸಾರ್," ಎಂದಳು. ಅಭ್ಯಾಸವಿಲ್ಲದ ಕೆನ್ನೆಗಳು ನಡುಗುತ್ತಿದ್ದವು.

ಪೂಜಿತಾ ಜೀಪಿನೊಳಗೆ ಕೂತಿದ್ದಳು. "ಇನ್ನು ಬರಲ್ಲ ಸಾರ್ ನಾನು," ಎಂದಳು. "ನಾನಿರೋವರೆಗೂ ಅವನು ಅವಳ ಕಡೆ ತಿರುಗಲ್ಲ."

ನಾನು ಜೀಪು ಚಾಲೂ ಮಾಡಿದೆ. ಆ ಸದ್ದಿಗೆ ಒಳಗೆ ಮಗು ಚಿಟ್ಟನೆ ಚೀರಿ ಅಳತೊಡಗಿತು. ಪೂಜಿತಾ ಕಿವಿ ಮುಚ್ಚಿಕೊಂಡಳು. ಘಾಟಿ ಹತ್ತುವ ಲಾರಿಗಳ ಗದ್ದಲದ ನಡುವೆಯೂ, ರಸ್ತೆ ತಿರುಗುವವರೆಗೆ, ಶೃತಿಯ ದನಿ ಕೇಳುತ್ತಲೇ ಇತ್ತು: "ಇಲ್ಲಿವ್ನಿ ಕಣೋ. ಇಲ್ಲಿ ನೋಡೋ, ನನ್ನಪ್ಪ. ಇಲ್ಲೇ ಇವ್ನಿ ಕಣೋ."