ನೆಗಡಿಯಲ್ಲದ ನೀರು

ರೊಟ್ಟಿ ಬಡಿಯಲು ಬಾಗಿದಾಗ ವಿದ್ಯಾವತಿಯ ಮೂಗಿನಿಂದ ಒಂದು ಹನಿ ಹಿಟ್ಟಿನ ಮೇಲೆ ಬಿತ್ತು. ಬೆವರೆಂದುಕೊಂಡಳು. ಮತ್ತೊಂದು ಬಿತ್ತು. ನಿನ್ನೆಯೂ ಹೀಗೇ ಆಗಿತ್ತು. ಬಾಗಿದರೆ ಬರುತ್ತಿತ್ತು, ನೆಟ್ಟಗೆ ಕೂತರೆ ನಿಲ್ಲುತ್ತಿತ್ತು. ತೆಳ್ಳಗಿನ, ಬಣ್ಣವಿಲ್ಲದ ನೀರು. ಗಂಟಲಿಗಿಳಿದರೆ ಉಪ್ಪುಪ್ಪು. ಹನಿ ಬಿದ್ದ ಹಿಟ್ಟನ್ನು ಚಿವುಟಿ ಬದಿಗಿಟ್ಟಳು.

ಹೋದ ತಿಂಗಳು ಬಾಗೇವಾಡಿಯ ಸಂತೆಯಿಂದ ಗಂಡ ಕಲ್ಮೇಶನ ಬೈಕಿನ ಹಿಂದೆ, ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು ಬರುತ್ತಿದ್ದಳು. ದಾರಿಯಲ್ಲಿ ಇಂಗಳೇಶ್ವರ ಬಂತು, ಊರ ಕಟ್ಟೆಯ ಮೇಲೆ ಹಿರಿಯರಿದ್ದರು. ಗಂಡನ ಭುಜ ಬಿಟ್ಟು ಸೆರಗನ್ನು ತಲೆಗೆಳೆದುಕೊಂಡಳು. ಅಷ್ಟರಲ್ಲಿ ರಸ್ತೆಯ ಉಬ್ಬಿಗೆ ಬೈಕು ಹಾರಿತು, ಅವಳು ಹಿಂದಕ್ಕೆ ಬಿದ್ದಳು.

ಪೆಟ್ಟು ಬಿದ್ದದ್ದು ಹಿಂದಲೆಗೆ. ಮರುದಿನ ಕಪ್ಪಾದದ್ದು ಎರಡೂ ಕಣ್ಣಿನ ಸುತ್ತ. ತಲೆಬುರುಡೆಯ ತಳದ ಎಲುಬು ಬಿರುಕು ಬಿಟ್ಟಿದೆ, ಅಲ್ಲಿಯ ರಕ್ತ ಕಣ್ಣಿಗೆ ಇಳಿದಿದೆ ಎಂದು ವಿಜಯಪುರದ ಆಸ್ಪತ್ರೆಯ ಡಾಕ್ಟರು ತಿಳಿಸಿ ಹೇಳಿದ್ದರು. ಮನೆಗೆ ಕಳಿಸುವಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡಿದ್ದರು.

"ಮೂಗಿನಾಗಿಂದ ನೀರು ಬಂದ್ರ ನೆಗಡಿ ಅನ್ಕೊಂಡು ಕೂಡಬ್ಯಾಡ್ರಿ, ಅಕ್ಕಾರ. ಅದು ಮಿದುಳಿನ ಸುತ್ತ ಇರೋ ನೀರು. ಅದು ಹೊರಗ ಬರೋ ದಾರೀಲೇ ನಂಜು ಒಳಗ ಹೋಗತೈತಿ. ಮೂಗು ಸೀಟಬ್ಯಾಡ್ರಿ. ಸೀದಾ ಇಲ್ಲಿಗೆ ಬರ್ರಿ."

ಊರಿಗೆ ಎಲುಬು ಕಾಣಲಿಲ್ಲ, ಕಣ್ಣು ಕಂಡವು. ಕಲ್ಮೇಶ ಹೆಂಡತಿಯನ್ನು ಬಡಿದನಂತೆ ಎಂಬ ಮಾತು ತಾಂಬಾದವರೆಗೂ ಹೋಯಿತು. ನಾದಿನಿ ವಿಜಯಶ್ರೀಯನ್ನು ಕೊಡಬೇಕೆಂದಿದ್ದದ್ದು ತಾಂಬಾದ ಮನೆಗೇ. ನಾಳೆ ಅಲ್ಲಿ ನಿಶ್ಚಯ.

ಅತ್ತೆ ಸಿದ್ದಲಿಂಗವ್ವ ಬಿಸಿನೀರಿನ ಪಾತ್ರೆ ತಂದಿಟ್ಟು, ಹಬೆ ತೆಗೆದುಕೊಂಡು ಜೋರಾಗಿ ಸೀಟಿದರೆ ನೆಗಡಿ ಹಾರಿಹೋಗುತ್ತದೆ ಎಂದಳು. ವಿದ್ಯಾವತಿ ಆಮೇಲೆ ಎಂದಳು. ಕಲ್ಮೇಶ ಊಟಕ್ಕೆ ಬಂದಾಗ ಅವನಿಗೆ ಮಾತ್ರ ಹೇಳಿದಳು. ಅವನ ಕೈಯ ತುತ್ತು ನಿಂತಿತು.

"ನಾಳಿ ಒಂದಿನ ತಡಿ. ನೀ ಬರಲಿಲ್ಲಂದ್ರ ನಾ ಬಡದದ್ದು ಖರೇನ ಅಂತಾರ."

"ನೀವು ಬಡದಿಲ್ಲಲ್ರಿ."

"ನಿನಗ ಗೊತ್ತು, ನನಗ ಗೊತ್ತು. ಅವರಿಗೆ ನಿನ್ನ ಮಾರಿ ನೋಡಬೇಕಾಗೈತಿ."

ಅವನು ಎಂದೂ ಕೈ ಎತ್ತಿದವನಲ್ಲ. ಆ ಒಳ್ಳೆಯತನಕ್ಕೆ ಸಾಕ್ಷಿಯಾಗಲು ಅವಳು ಇನ್ನೊಂದು ದಿನ ಬದುಕಿದ್ದರೆ ಸಾಕಿತ್ತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಅವನ ತಟ್ಟೆಗೆ ಪಲ್ಯ ಬಡಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಳಿ ಹತ್ತಿತು. ಕತ್ತು ಬಿಗಿದು, ಗದ್ದ ಎದೆಗೆ ಇಳಿಯದಾಯಿತು. ಬಾಗಿಲ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ವಿಜಯಶ್ರೀ ಸೀರೆಗಳನ್ನು ತಂದು ಅವಳ ಮುಂದೆ ಹರವಿದಳು.

"ಹಸರದ್ದು ಉಡ್ರಿ ವೈನಿ, ಕಣ್ಣಿನ ಸುತ್ತ ಉಳದ ಹಳದಿಗೆ ಭಾಳ ಚಲೋ ಹೊಂದತೈತಿ."

ವಿದ್ಯಾವತಿ ನಕ್ಕಳು, ನಕ್ಕಾಗ ತಲೆಯೊಳಗೆ ಏನೋ ಎಳೆದಂತಾಯಿತು. ಈ ಹುಡುಗಿಗೆ ನಾದಿನಿ ಎನ್ನುವುದಕ್ಕಿಂತ ಹೆಚ್ಚು ಅಕ್ಕರೆ ಸುರಿದು ಬೆಳೆಸಿದ್ದಳು. ನಾಳೆ ತಾಂಬಾಕ್ಕೆ ಗೊತ್ತುಮಾಡಿದ್ದ ಜೀಪು ತಾನಿಲ್ಲದೆ ಹೋದರೆ ಈ ಸಂಬಂಧ ಮುರಿಯಲೂಬಹುದು. ಆಗ ಮನೆಯಲ್ಲಿ ಯಾರೂ, ಇವಳೂ ಸಹ, ತನ್ನನ್ನು ಕ್ಷಮಿಸಲಾರರು. ಅದನ್ನು ಪೂರ್ತಿ ಯೋಚಿಸಿ ನೋಡಿದಳು. ಮೇಲ್ತುಟಿಯ ಮೇಲೆ ಮತ್ತೆ ತಂಪು ಹನಿ ಇಳಿಯಿತು.

"ಆತು, ಹಸರದ್ದ ಇರಲಿ," ಎಂದಳು.

ವಿಜಯಶ್ರೀ ಉಳಿದ ಸೀರೆಗಳನ್ನು ಮಡಿಚತೊಡಗಿದಳು. ಹಿಟ್ಟಿನ ಗಿರಣಿಗೆ ಹೋಗಿ ಬರುತ್ತೇನೆಂದು ತಾನು ಈಗಲೇ ಹೊರಬಿದ್ದರೆ, ಆಸ್ಪತ್ರೆಗೆ ಹೋಗಲು ವಿಜಯಪುರದ ಸಂಜೆಯ ಬಸ್ಸು ಸಿಗುತ್ತದೆ. ವಿದ್ಯಾವತಿ ಗೋಡೆ ಹಿಡಿದು, ತಲೆ ಅಲುಗದಂತೆ ಮೆಲ್ಲಗೆ ಎದ್ದಳು.