ಹೂಲಿಯ ಹತ್ತೊಂಬತ್ತು ಚೀಟಿಗಳು

೧೯೭೯ರ ಸೆಪ್ಟೆಂಬರ್ ಒಂಬತ್ತು. ರಾಮದುರ್ಗದ ಶಾಲೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಹೂಲಿಯಿಂದ ಬಸ್ಸು ಹತ್ತಿ ಬಂದ ಹತ್ತೊಂಬತ್ತು ಮಂದಿ ಹಿರಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ಕಟ್ಟೆಯ ಮೇಲೆ ಕುಳಿತರು. ಎಲ್ಲರ ಕಣ್ಣಿಗೂ ಪೊರೆ, ಎಲ್ಲರ ಬಳಿಯೂ ಕಣ್ಣಿನ ಶಿಬಿರದ ತಾರೀಖು ಬರೆದ ಚೀಟಿ. ಕರೆತಂದವನು ಅದೇ ಊರಿನ ಸೋಮಪ್ಪ. ಪುಣೆಯ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ನೌಕರ.

“ಕಣ್ಣಿನ ಡಾಕ್ಟರು ಎಲ್ಲಿ?” ಎಂದು ಕೇಳಿದ.

ಶಾಲೆಯ ಜವಾನ ದುರ್ಗಪ್ಪ ಅವನನ್ನೇ ದಿಟ್ಟಿಸಿದ. “ಅವರು ಬಂದು ಹೋಗಿ ತಿಂಗಳಾತಲ್ರಿ. ಆಗಸ್ಟ್ ಒಂಬತ್ತಕ್ಕ ಬಂದಿದ್ರು. ಹೂಲಿ ಮಂದಿ ಯಾಕ ಬರ್ಲಿಲ್ಲಂತ ಸಂಜೀತನಕ ಹಾದಿ ನೋಡಿದ್ರು. ಇನ್ನ ಬರೂ ವರ್ಷನ.”

ಕಟ್ಟೆಯ ಮೇಲಿದ್ದ ಮುದುಕಿ ಕಾಡವ್ವ ಜೊತೆಗೆ ಬಂದಿದ್ದ ಸೊಸೆಯ ಕಡೆ ತಿರುಗಿದಳು. “ಸೀತವ್ವಾ, ಚೀಟಿ ಓದಿದಾಕಿ ನೀನ ಅಲ್ಲೇನ? ನಾಕನೇ ಇಯತ್ತೆ ಕಲ್ತೇನಿ ಅಂತ ಮೆರೀತಿದ್ದಿ!”

ಸೀತವ್ವ ಚೀಟಿಯನ್ನು ಮತ್ತೆ ಮತ್ತೆ ನೋಡಿದಳು. ಉಳಿದವರೂ ಅವಳನ್ನೇ ಬೈಯತೊಡಗಿದರು.

ಸೋಮಪ್ಪ ಅವಳ ಕೈಯ ಚೀಟಿಯ ಮೇಲೆ ಕಣ್ಣಾಡಿಸಿದ, ತಪ್ಪು ಎಲ್ಲಾಯಿತೆಂದು ಹೊಳೆಯಿತು. ‘ನಮ್ಮೂರವರ ಚೀಟಿ ಯಂತ್ರದಲ್ಲೇ ತೆಗೀತೇನಿ’ ಎಂದು ಬೀಗಿದವನು ಅವನೇ. ಆಗಸ್ಟ್ ಎಂಟನೇ ತಿಂಗಳಲ್ಲವೇ ಎಂದು ಯಂತ್ರಕ್ಕೆ ತಿಂಗಳ ಜಾಗದಲ್ಲಿ ಎಂಟು ಕೊಟ್ಟಿದ್ದ. ಯಂತ್ರದೊಳಗಿನ ತಾರೀಖಿನ ಲೆಕ್ಕ ದಿನವನ್ನು ಒಂದರಿಂದ ಎಣಿಸುತ್ತಿತ್ತು, ತಿಂಗಳನ್ನು ಮಾತ್ರ ಸೊನ್ನೆಯಿಂದ. ಜನವರಿ ಸೊನ್ನೆ, ಎಂಟೆಂದರೆ ಸೆಪ್ಟೆಂಬರ್. ಹಾಗೆಂದು ಯಂತ್ರದ ಪುಸ್ತಕದಲ್ಲಿತ್ತು, ಅವನು ಆ ಹಾಳೆ ಓದದೆ ಹಾರಿಸಿದ್ದ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ಇಳಿಸುವಾಗ ಹತ್ತೊಂಬತ್ತು ಸಲ ತನ್ನ ಕೈಯಾರೆ ಸೆಪ್ಟೆಂಬರ್ ಎಂದು ಬರೆದಿದ್ದ. ಒಂದು ಸಲವೂ ಕೈ ತಡೆಯಲಿಲ್ಲ, ಯಂತ್ರ ಹೇಳಿತ್ತಲ್ಲ.

ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿದ್ದ ಕೂಡ. ಸೀತವ್ವ ಸೆರಗಿನಿಂದ ಮುಖ ಒರೆಸಿಕೊಂಡಾಗ ತಡೆಯಲಾಗಲಿಲ್ಲ.

“ದೊಡ್ಡವ್ವಾ, ಸೀತವ್ವ ವೈನಿ ಬರೋಬ್ಬರಿ ಓದ್ಯಾಳ. ತಪ್ಪು ನಂದು.” ತಡವರಿಸುತ್ತ ಸೊನ್ನೆಯ ಕಥೆಯನ್ನೆಲ್ಲ ಹೇಳಿದ.

ಬೈಗುಳ ನಿಂತಿತು. ಕಾಡವ್ವ ಬೆರಳ ಗೆಣ್ಣು ಮುಟ್ಟಿ ತಿಂಗಳುಗಳನ್ನು ಎಣಿಸಿಕೊಂಡಳು.

“ಭಜನ್ಯಾಗ ಪಲ್ಲವಿ ಮೊದಲ ಹಾಡಿದ್ರೂ ಅದನ್ನ ನುಡಿ ಅಂತ ಎಣಸೂದಿಲ್ಲ. ಹಂಗೇನ?”

“ಹಂಗ, ದೊಡ್ಡವ್ವಾ.”

“ಇಷ್ಟನ? ನನಗ ತಿಳೀತಲ್ಲೋ ತಮ್ಮಾ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಬರೂ ವರ್ಷ ನಾನ ಕರ್ಕೊಂಡ ಬರತೇನಿ.”

“ಬರೂಣಂತ. ತಾರೀಖು ಮಾತ್ರ ಸೀತವ್ವ ಕೇಳ್ಕೊಂಡ ಬರಲಿ.” ಕಾಡವ್ವ ಏಳಲು ಗಾಳಿಯಲ್ಲಿ ಕೈಯಾಡಿಸಿದಳು. ಸೋಮಪ್ಪ ತನ್ನ ಕೈ ಚಾಚಿದ. ಅದು ಅವಳಿಗೆ ಕಾಣಲಿಲ್ಲ. ಸೊಸೆಯ ಭುಜ ಸಿಕ್ಕಿತು, ಅದನ್ನೇ ಹಿಡಿದು ಬಸ್ಸಿನ ದಾರಿ ಹಿಡಿದಳು.